ಕೈವಾರದ ಕಾಲಿನ ಕುರ್ಚಿ: ಚಂಡೀಗಢದ ಬೆತ್ತದ ಕುರ್ಚಿಯನ್ನು ಗುರುತಿಸಿ, ರಿಪೇರಿ ಮಾಡಿ, ಉಳಿಸಿಕೊಳ್ಳುವ ಬಗೆ

ಕುರ್ಚಿ ಕೊಳ್ಳಲು ಹೋದವರು ಮೊದಲು ಅದರಲ್ಲಿ ಕೂತು ನೋಡುತ್ತಾರೆ. ಚಂಡೀಗಢ ಕುರ್ಚಿಯ ವಿಷಯದಲ್ಲಿ ಅದು ಕೊನೆಗೆ ಮಾಡಬೇಕಾದ ಕೆಲಸ. ಮೊದಲು ಅದನ್ನು ಮಗುಚಿ ಹಾಕಿ, ಟಾರ್ಚ್ ಹಿಡಿದು, ಹೊಟ್ಟೆಯಡಿ ನೋಡಬೇಕು. ನಾನು ಹಾಗೆ ಮಾಡಲಿಲ್ಲ. ಕೆಲವು ವರ್ಷದ ಹಿಂದೆ ಬೆಂಗಳೂರಿನಲ್ಲಿ ಹಳೇ ಸಾಮಾನು ಮಾರುವವರೊಬ್ಬರ ಗೋದಾಮಿನಲ್ಲಿ ಒಂದು ಕಣ್ಣಿಗೆ ಬಿತ್ತು. ಕೂತೆ, ತೋಳು ಸವರಿದೆ, ಮನಸೋತೆ, ದುಡ್ಡು ಎಣಿಸಿಕೊಟ್ಟೆ. ಮನೆಗೆ ತಂದು ತಿರುಗಿಸಿದರೆ ಬೆನ್ನಿನ ಚೌಕಟ್ಟು ಅರವತ್ತು ವರ್ಷ ಹಳೆಯದು, ಕಾಲುಗಳು ಮೊನ್ನೆ ಮೊನ್ನೆ ಬಡಗಿಯ ಕೈಯಿಂದ ಬಂದವು. ಅರ್ಧ ಸತ್ಯದ ಆ ಕುರ್ಚಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಆರಾಮಾಗಿಯೇ ಇದೆ, ಸುಳ್ಳು ಹೇಳಬಾರದು.

ಯಾವ ಕುರ್ಚಿ ಎಂದು ಮೊದಲು ಗೊತ್ತಾಗಲಿ. ತೇಗದ ಚೌಕಟ್ಟು, ಬೆತ್ತದ ಆಸನ, ಬೆತ್ತದ ಬೆನ್ನು, ಎರಡು ಚಪ್ಪಟೆ ತೋಳು. ಪಕ್ಕದಿಂದ ನೋಡಿದರೆ ಎರಡೆರಡು ಕಾಲು ಮೇಲೆ ಹತ್ತಿರ ಬಂದು ಕೆಳಗೆ ಅಗಲಿಕೊಳ್ಳುತ್ತವೆ, ಶಾಲೆಯ ಜಾಮಿಟ್ರಿ ಪೆಟ್ಟಿಗೆಯ ಕೈವಾರವನ್ನು ಬಿಡಿಸಿ ನಿಲ್ಲಿಸಿದ ಹಾಗೆ. ಫ್ರೆಂಚ್ ವ್ಯಾಪಾರಿಗಳು ಈ ಕಾಲನ್ನು ಕರೆಯುವುದೂ 'ಕೈವಾರ' ಎಂದೇ. ಎತ್ತರ ಸುಮಾರು 80 ಸೆಂಟಿಮೀಟರ್, ಅಗಲ ಅರ್ಧ ಮೀಟರಿನ ಆಸುಪಾಸು. ವಿದೇಶದ ಹರಾಜು ಕಟ್ಟೆಗಳಲ್ಲಿ ಇದಕ್ಕೆ ಪಿಜೆ-ಎಸ್‌ಐ-28-ಎ ಎಂಬ ಸಂಖ್ಯೆ: ಪಿಜೆ ಎಂದರೆ ಪಿಯರ್ ಜಾನರೆ, ಈ ಕುರ್ಚಿಯ ಹಿಂದಿನ ವಾಸ್ತುಶಿಲ್ಪಿ; ಎಸ್‌ಐ ಎಂದರೆ ಸಿಯೇಜ್, ಫ್ರೆಂಚಿನಲ್ಲಿ ಆಸನ. ಈ ಸಂಖ್ಯೆ ಚಂಡೀಗಢದ ಕಾರ್ಖಾನೆಗಳದ್ದಲ್ಲ, ಆಮೇಲೆ ಬಂದ ವ್ಯಾಪಾರಿಗಳು ಲೆಕ್ಕಕ್ಕಾಗಿ ಕೊಟ್ಟದ್ದು. ಹಾಗಾಗಿ ಕುರ್ಚಿಯ ಮೇಲೇ ಆ ಸಂಖ್ಯೆ ಕೆತ್ತಿದ್ದರೆ ಅಲ್ಲಿಂದ ನಗುತ್ತಾ ಎದ್ದು ಬನ್ನಿ.

ಮೊದಲು ಕಥೆ, ಯಾಕೆಂದರೆ ಪರೀಕ್ಷೆ ನಿಂತಿರುವುದೇ ಅದರ ಮೇಲೆ

1947ರ ವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಭಾರತದ ಪಾಲಿಗೆ ಬಂದ ಪಂಜಾಬಿಗೆ ರಾಜಧಾನಿ ಇಲ್ಲದಾಯಿತು. ಹೊಸ ರಾಜಧಾನಿ ಚಂಡೀಗಢದ ಮೊದಲ ನಕ್ಷೆ ಅಮೆರಿಕದ ಆಲ್ಬರ್ಟ್ ಮೇಯರ್ ಮತ್ತು ಪೋಲೆಂಡಿನ ಮ್ಯಾಥ್ಯೂ ನೊವಿಟ್ಸ್ಕಿ ಅವರದ್ದು. 1950ರಲ್ಲಿ ನೊವಿಟ್ಸ್ಕಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಪಂಜಾಬಿನ ಅಧಿಕಾರಿಗಳಾದ ಪಿ. ಎನ್. ಥಾಪರ್ ಮತ್ತು ಎಂಜಿನಿಯರ್ ಪಿ. ಎಲ್. ವರ್ಮಾ ಯೂರೋಪಿಗೆ ಹೋಗಿ ಬೇರೆಯವರನ್ನು ಹುಡುಕಿದರು. ಪ್ಯಾರಿಸ್ಸಿನ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಒಪ್ಪಿದ, ಆದರೆ ಪ್ಯಾರಿಸ್ ಬಿಟ್ಟು ಬರಲು ಒಪ್ಪಲಿಲ್ಲ. ಸ್ಥಳದಲ್ಲಿದ್ದು ಕೆಲಸ ಮಾಡಿಸಲು ಆರಿಸಿಕೊಂಡವರಲ್ಲಿ ಅವನ ದಾಯಾದಿ ಪಿಯರ್ ಜಾನರೆ, ಇಂಗ್ಲೆಂಡಿನ ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ದಂಪತಿ ಇದ್ದರು. ಫ್ರೈ, ಡ್ರೂ ಮೂರು ವರ್ಷಕ್ಕೆ ಹೊರಟುಹೋದರು. ಜಾನರೆ 1951ರಲ್ಲಿ ಬಂದವರು 1965ರವರೆಗೂ ಉಳಿದರು, ಆರೋಗ್ಯ ಕೆಟ್ಟ ಮೇಲಷ್ಟೇ ಹೊರಟದ್ದು. 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಅವರ ಇಷ್ಟದಂತೆ ಚಿತಾಭಸ್ಮವನ್ನು ಚಂಡೀಗಢದ ಸುಖನಾ ಕೆರೆಯಲ್ಲಿ ಬಿಟ್ಟರು. ನಗರಕ್ಕೆ ಹೆಸರು ಬಂದದ್ದು ಕಾರ್ಬೂಸಿಯೇಯಿಂದ, ಅದರ ದಿನನಿತ್ಯದ ಬಾಳು ಕಟ್ಟಿದ್ದು ಈ ಮನುಷ್ಯ ಎನ್ನುವುದು ನನ್ನ ಲೆಕ್ಕ.

ಜಾನರೆಗೆ ಕುರ್ಚಿ ಹೊಸದಲ್ಲ. 1929ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಕಾರ್ಬೂಸಿಯೇ, ಶಾರ್ಲೊಟ್ ಪೆರಿಯಾಂ ಜೊತೆ ಸೇರಿ ಉಕ್ಕಿನ ಕೊಳವೆಯ ಪೀಠೋಪಕರಣ ತೋರಿಸಿದ್ದವರು. ಆದರೆ ಚಂಡೀಗಢದಲ್ಲಿ ಉಕ್ಕು ತುಟ್ಟಿ, ಯಂತ್ರ ಕಡಿಮೆ. ಮರ ಇತ್ತು, ಬೆತ್ತ ಇತ್ತು, ಬಡಗಿಗಳು ಧಾರಾಳವಾಗಿದ್ದರು. ಒಂದೇ ಏಟಿಗೆ ಇಡೀ ನಗರಕ್ಕೆ ಕುರ್ಚಿ ಬೇಕಿತ್ತು. ಸಚಿವಾಲಯದ ಕಟ್ಟಡವೊಂದೇ 254 ಮೀಟರ್ ಉದ್ದ. ಜೊತೆಗೆ ಹೈಕೋರ್ಟ್, ವಿಧಾನಸಭೆ, ವಿಶ್ವವಿದ್ಯಾಲಯ, ಕಾಲೇಜು, ಆಸ್ಪತ್ರೆ, ನೌಕರರ ಮನೆ. ಒಂದು ಕಾರ್ಖಾನೆಗೆ ಆಗುವ ಕೆಲಸವಲ್ಲ. ನಕ್ಷೆಯನ್ನು ಹಲವು ಬಡಗಿ ಶೆಡ್‌ಗಳಿಗೆ ಹಂಚಿದರು. ಒಂದೇ ನಕ್ಷೆ, ಬೇರೆ ಬೇರೆ ಕೈ. ಅದಕ್ಕೇ ನಿಜವಾದ ಎರಡು ಕುರ್ಚಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದರ ತೋಳು ಬೆರಳಷ್ಟು ಅಗಲ, ಇನ್ನೊಂದರ ಕಾಲು ಚೂರು ದಪ್ಪ. ಕೆಲವದರಲ್ಲಿ ಬೆನ್ನು ಆಸನದವರೆಗೂ ಇಳಿಯುತ್ತದೆ, ಕೆಲವದರಲ್ಲಿ ತೋಳುಗಳ ನಡುವೆ ತೇಲುತ್ತದೆ. ಅಳತೆ ಮಿಲಿಮೀಟರಿಗೆ ಮಿಲಿಮೀಟರ್ ಹೊಂದುವ ಆರು ಕುರ್ಚಿ ಯಾರಾದರೂ ತೋರಿಸಿದರೆ ಸಂತೋಷಪಡಬೇಡಿ, ಅನುಮಾನಪಡಿ.

ಇನ್ನೊಂದು ಮಾತು. 'ಜಾನರೆ ಕುರ್ಚಿ' ಎನ್ನುತ್ತೇವಾದರೂ ಅವರ ಕಚೇರಿಯಲ್ಲಿ ಭಾರತೀಯ ವಾಸ್ತುಶಿಲ್ಪಿಗಳ ದಂಡೇ ಇತ್ತು. ಅದರಲ್ಲಿ ಊರ್ಮಿಳಾ ಯೂಲಿ ಚೌಧರಿ ಪೀಠೋಪಕರಣದ ಕೆಲಸದಲ್ಲಿ ಕೈಜೋಡಿಸಿದ್ದವರು, ಮುಂದೆ ಪಂಜಾಬಿನ ಮುಖ್ಯ ವಾಸ್ತುಶಿಲ್ಪಿಯೂ ಆದರು. ಹರಾಜಿನ ಕ್ಯಾಟಲಾಗುಗಳಲ್ಲಿ ಆಕೆಯ ಹೆಸರು ಕಾಣುವುದು ಅಪರೂಪ. ಮರ ಕೊರೆದವರ, ಬೆತ್ತ ಹೆಣೆದವರ ಹೆಸರಂತೂ ಕೇಳಲೇಬೇಡಿ.

ಆಮೇಲೆ ನಡೆದದ್ದು ನಮ್ಮ ಯಾವ ಸರ್ಕಾರಿ ಕಚೇರಿಯಲ್ಲಾದರೂ ನಡೆಯುವ ಕಥೆ. ಬೆತ್ತ ಹರಿಯಿತು, ಕಾಲು ಅಲ್ಲಾಡಿತು, ಸ್ಟೀಲು ಕುರ್ಚಿ, ಪ್ಲಾಸ್ಟಿಕ್ ಕುರ್ಚಿ ಬಂದವು. ಹಳೆಯವು ತಾರಸಿಯ ಮೇಲೆ, ಅಂಗಳದ ಮೂಲೆಯಲ್ಲಿ ರಾಶಿ ಬಿದ್ದವು. ನಿರುಪಯುಕ್ತ ವಸ್ತು ಎಂದು ಹರಾಜು ಹಾಕಿದರು. ಗುಜರಿಯವರು ಸೌದೆಯ ಬೆಲೆಗೆ ಕೊಂಡದ್ದನ್ನು ಎರಡು ಸಾವಿರದ ಇಸವಿಯ ಸುಮಾರಿಗೆ ಪ್ಯಾರಿಸ್ಸಿನ ವ್ಯಾಪಾರಿಗಳು ಬಂದು ಕೊಂಡೊಯ್ದರು. ಹೊಸ ಬೆತ್ತ, ಹೊಸ ಹೊಳಪು ಕೊಟ್ಟು ಗ್ಯಾಲರಿಗಳಲ್ಲಿ ನಿಲ್ಲಿಸಿದರು. ಈಗ ಒಂದೊಂದು ಕುರ್ಚಿಗೆ ಸಾವಿರಾರು ಡಾಲರ್. ಚಂಡೀಗಢದ ನಕ್ಷೆ ಅಚ್ಚೊತ್ತಿದ ಮ್ಯಾನ್‌ಹೋಲ್ ಮುಚ್ಚಳಗಳೂ ವಿದೇಶದ ಹರಾಜಿಗೆ ಹೋಗಿವೆ ಎಂದರೆ ಉಳಿದದ್ದನ್ನು ಊಹಿಸಿಕೊಳ್ಳಿ.

ಹಂತ 1: ಕಾಗದ

ಮರ ಮುಟ್ಟುವ ಮುಂಚೆ ಕಾಗದ ಕೇಳಿ. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಚಂಡೀಗಢದ ಪಾರಂಪರಿಕ ಪೀಠೋಪಕರಣಗಳ ಮಾರಾಟ, ಹರಾಜು, ರಫ್ತಿಗೆ ತಡೆ ಹಾಕಿತು. ಆದ್ದರಿಂದ ಸರ್ಕಾರಿ ಕಚೇರಿಯಿಂದ ನೇರ ಬಂದದ್ದು ಎಂದು ಹೇಳುವ ಕುರ್ಚಿ 2011ಕ್ಕಿಂತ ಮುಂಚೆ ಹೊರಬಿದ್ದಿರಬೇಕು, ಅದಕ್ಕೆ ಹರಾಜಿನ ರಸೀದಿಯೋ ಲಾಟ್ ಪಟ್ಟಿಯೋ ಇರಬೇಕು. 'ಹೋದ ವರ್ಷ ಒಂದು ಕಾಲೇಜಿನಿಂದ ತೆಗೆಸಿದ್ದು ಸಾರ್' ಎಂದರೆ ಅದು ಸುಳ್ಳು, ಇಲ್ಲವೇ ಕಳವು. ಎರಡರಲ್ಲಿ ಯಾವುದಾದರೂ ನಿಮಗೆ ಬೇಡ. ಇಂಥ ಕುರ್ಚಿಗಳು ಕಳುವಾದ ಪ್ರಕರಣ ಆಗಾಗ ಸುದ್ದಿಯಾಗುತ್ತಲೇ ಇವೆ.

ಹಾಗಾದರೆ ಪ್ಯಾರಿಸ್, ಲಂಡನ್, ನ್ಯೂಯಾರ್ಕಿನಲ್ಲಿ ರಾಜಾರೋಷವಾಗಿ ಮಾರುವುದು ಹೇಗೆ? 1972ರ ಪ್ರಾಚ್ಯವಸ್ತು ಕಾಯ್ದೆಯ ರಕ್ಷಣೆ ಇರುವುದು ನೂರು ವರ್ಷ ದಾಟಿದ ವಸ್ತುವಿಗೆ. 1950ರ ದಶಕದ ಕುರ್ಚಿ ಕಾನೂನಿನ ಕಣ್ಣಿಗೆ ಇನ್ನೂ ಎಳೆಯದು. ಹರಾಜಿನಲ್ಲಿ ನ್ಯಾಯವಾಗಿ ಕೊಂಡು ಹೊರಗೆ ಒಯ್ದವರನ್ನು ಹಿಡಿಯಲು ಕೈಗೆ ಹಗ್ಗವಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಕೊಳ್ಳುವುದಾದರೆ ರಫ್ತಿನ ಕಾಗದ, ಹಿಂದಿನ ಮಾಲೀಕರ ಸರಣಿ, ಎರಡನ್ನೂ ಕೇಳಿ ಪಡೆಯಿರಿ. ಹಳೇ ಕುರ್ಚಿಯ ಫೋಟೋ, ಅಂದರೆ ರಿಪೇರಿಗೆ ಮುಂಚಿನ ಹರಿದ ಬೆತ್ತದ ಫೋಟೋ, ಕೇಳುವುದನ್ನು ಮರೆಯಬೇಡಿ. ಪ್ರಾಮಾಣಿಕ ವ್ಯಾಪಾರಿ ಅದನ್ನು ಇಟ್ಟುಕೊಂಡಿರುತ್ತಾರೆ.

ಹಂತ 2: ಬಣ್ಣದಲ್ಲಿ ಬರೆದ ಗುರುತು

ಬೆನ್ನಿನ ಹಿಂಬದಿಯಲ್ಲೋ ಆಸನದ ಅಡಿಯಲ್ಲೋ ಇಲಾಖೆಯ ಗುರುತು, ದಾಸ್ತಾನು ಸಂಖ್ಯೆ ಬರೆದಿರುತ್ತಾರೆ. ನಮ್ಮ ಹಳೇ ಸರ್ಕಾರಿ ಶಾಲೆಯ ಬೆಂಚಿನ ಮೇಲೆ ಬಿಳಿ ಪೇಂಟಿನಲ್ಲಿ ಸೊಟ್ಟಗೆ ಬರೆದಿರುತ್ತಿದ್ದರಲ್ಲ, ಅದೇ ಜಾತಿ. ಈ ಗುರುತಿನಿಂದ ಬೆಲೆ ಏರುತ್ತದೆ. ಹಾಗಾಗಿ ಮೊದಲು ಖೋಟಾ ಆಗುವುದೂ ಅದೇ. ನಾನು ನೋಡುವುದು ಮೂರನ್ನು.

ಒಂದು, ಗೀರು ಮತ್ತು ಬಣ್ಣದ ಸಂಬಂಧ. ಅರವತ್ತು ವರ್ಷ ಎಳೆದಾಡಿದ ಕುರ್ಚಿಯಲ್ಲಿ ಗೀರುಗಳು ಅಕ್ಷರವನ್ನು ಕತ್ತರಿಸಿಕೊಂಡು ಹೋಗಿರಬೇಕು. ಗೀರಿನ ಒಳಗೇ ಬಣ್ಣ ಇಳಿದು ಕೂತಿದ್ದರೆ ಗೀರು ಮೊದಲು ಬಿದ್ದದ್ದು, ಬರಹ ಆಮೇಲೆ. ಒಂದು ಭೂತಗನ್ನಡಿ ಸಾಕು.

ಎರಡು, ಹೆಸರು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ತನ್ನ ಹೆಸರಿನ ಮೊದಲ ಸ್ವರವನ್ನು 'ಯು' ಎಂದು ಬರೆಯುವುದಿಲ್ಲ, 'ಎ' ಎಂದು ಬರೆಯುತ್ತದೆ. ರಾಜ್ಯದ ಹೆಸರಿಗೆ ಒಂದು ಅಕ್ಷರ, ವಿಶ್ವವಿದ್ಯಾಲಯಕ್ಕೆ ಇನ್ನೊಂದು. ಅವಸರದ ಖೋಟಾದಾರ ಇಲ್ಲಿ ಎಡವುವ ಸಾಧ್ಯತೆ ಇದೆ.

ಮೂರು, ಇಸವಿ. 1966ರ ನವೆಂಬರ್ 1ರಂದು ಪಂಜಾಬ್ ಒಡೆದು ಹರಿಯಾಣ ಆಯಿತು, ಚಂಡೀಗಢ ಕೇಂದ್ರಾಡಳಿತ ಪ್ರದೇಶವಾಗಿ ಎರಡಕ್ಕೂ ರಾಜಧಾನಿಯಾಯಿತು. ನಮ್ಮ ರಾಜ್ಯೋತ್ಸವದ ದಿನವೇ, ಹತ್ತು ವರ್ಷ ತಡವಾಗಿ, ನೆನಪಿಟ್ಟುಕೊಳ್ಳಲು ಸುಲಭ. ಹರಿಯಾಣದ ಇಲಾಖೆಯ ಹೆಸರು ಇದ್ದರೆ ಆ ಬರಹ 1966ರ ನಂತರದ್ದು. ಕುರ್ಚಿ ಅದಕ್ಕಿಂತ ಹಳೆಯದಿರಬಹುದು, ಪಾಲಿನಲ್ಲಿ ಹಂಚಿಹೋಗಿರಬಹುದು. ಆದರೆ 'ಈ ಗುರುತು 1955ರದ್ದು' ಎಂದು ಅದನ್ನೇ ತೋರಿಸಿ ಹೇಳಿದರೆ ಸುಳ್ಳು.

ಗುರುತು ಇಲ್ಲದ ನಿಜವಾದ ಕುರ್ಚಿಗಳೂ ಬೇಕಾದಷ್ಟಿವೆ. ಪಾಲಿಶ್ ಮಾಡುವಾಗ ಅಳಿಸಿಹಾಕಿರುತ್ತಾರೆ. ಗುರುತು ಇಲ್ಲದ್ದಕ್ಕೆ ತಳ್ಳಿಹಾಕಬೇಡಿ, ಇರುವುದಕ್ಕೆ ನಂಬಲೂ ಬೇಡಿ.

ಹಂತ 3: ಮರ, ಸವೆತ, ಮೊಳೆ, ಅಂಟು

ಹೆಚ್ಚಿನವು ತೇಗ, ಕೆಲವು ಶೀಶಂ. ಒಳಭಾಗದಲ್ಲಿ ಎಲ್ಲಾದರೂ ಕಾಣದ ಕಡೆ ಉಗುರಿನಷ್ಟು ಕೆರೆದು ಮೂಸಿ. ತೇಗಕ್ಕೆ ಚರ್ಮದಂಥ ಒಂದು ವಾಸನೆ, ಬೆರಳಿಗೆ ಜಿಡ್ಡಿನ ಅನುಭವ. ಹೊಸ ಮರಕ್ಕೆ ಬಣ್ಣ ಬಳಿದು ಹಳತು ಮಾಡಿದ್ದರೆ ಕೆರೆದ ಕೂಡಲೇ ಒಳಗೆ ಬಿಳಿಚಿದ ಬಣ್ಣ ಕಾಣುತ್ತದೆ. ಹಳೇ ತೇಗದಲ್ಲೂ ಒಳಗಿನ ಬಣ್ಣ ತಿಳಿಯಾಗಿರುತ್ತದೆ, ನಿಜ. ಆದರೆ ಹೊರಗಿನ ಕಪ್ಪು ಒಂದು ಪದರದ ಹಾಗೆ ಥಟ್ಟನೆ ಮುಗಿಯುವುದಿಲ್ಲ, ಮೆಲ್ಲಗೆ ಕರಗುತ್ತದೆ.

ಸವೆತವನ್ನು ಓದುವುದೇ ಈ ಪರೀಕ್ಷೆಯ ಸ್ವಾರಸ್ಯ. ಕಣ್ಣು ಮುಚ್ಚಿ ಒಬ್ಬ ಗುಮಾಸ್ತರನ್ನು ಈ ಕುರ್ಚಿಯಲ್ಲಿ ಕೂರಿಸಿ. ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ, ತೋಳಿನ ಮುಂತುದಿ ಹಿಡಿದು ಕೂರುತ್ತಾರೆ, ಅದನ್ನೇ ಒತ್ತಿ ಏಳುತ್ತಾರೆ. ಅಂಗೈ ಮೇಲೆ, ಬೆರಳು ಅಡಿಯಲ್ಲಿ. ಹಾಗಾಗಿ ತೋಳಿನ ಮುಂಭಾಗ ಮೇಲೂ ಕೆಳಗೂ ನುಣುಪಾಗಿ, ಎಣ್ಣೆ ಕುಡಿದು ಕಪ್ಪಾಗಿರಬೇಕು. ಹಿಂಭಾಗ ಅಷ್ಟಾಗಿ ಇರಬಾರದು. ಮುಂಗಾಲಿನ ಕೆಳಭಾಗಕ್ಕೆ ಚಪ್ಪಲಿ ತಾಗಿದ ಪೆಟ್ಟು. ಬೆನ್ನಿನ ಮೇಲಂಚಿಗೆ ಗೋಡೆಗೆ ಉಜ್ಜಿದ ಗಾಯ. ಕಾಲಿನ ತಳಕ್ಕೆ ದಿನಾ ನೆಲ ಒರೆಸುವ ನೀರು ಕುಡಿದ ಕಪ್ಪು, ಕೆಲವೊಮ್ಮೆ ಕೊಳೆತ. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅದು ಮನುಷ್ಯರು ಸವೆಸಿದ್ದಲ್ಲ, ಯಂತ್ರದಲ್ಲಿ ಉಜ್ಜಿದ್ದು. ನನ್ನ ಕುರ್ಚಿಯ ಕಾಲು ನನಗೆ ಸಿಕ್ಕಿಬಿದ್ದದ್ದು ಹೀಗೆ: ತಳ ಮಗುವಿನ ಪಾದದಷ್ಟು ಶುಭ್ರವಾಗಿತ್ತು.

ಆಸನದ ಎತ್ತರ ಅಳೆಯಿರಿ. 43ರಿಂದ 45 ಸೆಂಟಿಮೀಟರ್ ಇರಬೇಕಾದಲ್ಲಿ ನಲವತ್ತೇ ಇದ್ದರೆ ಕೊಳೆತ ಕಾಲನ್ನು ಯಾರೋ ಕೊಯ್ದಿದ್ದಾರೆ. ಅದು ಮೋಸವೇನಲ್ಲ, ಆದರೆ ಬೆಲೆಯಲ್ಲಿ ಇಳಿಯಬೇಕು.

ಸ್ಕ್ರೂಗಳ ತಲೆ ನೋಡಿ. ಹಳೆಯವಕ್ಕೆ ಒಂದೇ ಗೀಟಿನ ತಲೆ. ನಕ್ಷತ್ರದ ಗುರುತಿನ ತಲೆ ಇದ್ದರೆ ಆಮೇಲಿನ ರಿಪೇರಿ. ಅಂಟೂ ಮಾತಾಡುತ್ತದೆ. ಹಳೇ ಬಡಗಿಗಳು ಬಳಸುತ್ತಿದ್ದದ್ದು ಸರೇಸು, ಪ್ರಾಣಿಯ ಚರ್ಮ ಮೂಳೆ ಬೇಯಿಸಿ ಮಾಡಿದ ಅಂಟು. ಒಣಗಿದರೆ ಕಂದು ಬಣ್ಣದ ಗಾಜಿನ ಹಾಗೆ ಪುಡಿಪುಡಿ. ಬಿಳಿ ಫೆವಿಕಾಲ್ ಬಂದದ್ದೇ 1959ರಲ್ಲಿ. 1955ರದ್ದು ಎಂದು ಹೇಳಿದ ಕುರ್ಚಿಯ ಸಂದಿನಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನಂಥ ಹನಿ ಕಂಡರೆ ಒಂದೋ ಬಿಚ್ಚಿ ಸೇರಿಸಿದ್ದಾರೆ, ಒಂದೋ ಹೊಸದಾಗಿ ಕಟ್ಟಿದ್ದಾರೆ.

ಹಂತ 4: ಅಸಲಿಯೇ ಬೇಕೆ?

ಇಲ್ಲಿ ಒಮ್ಮೆ ನಿಂತು ಯೋಚಿಸಿ. ಕುರ್ಚಿಯ ಆಕಾರ ಇಷ್ಟ, ದಿನಾ ಕೂರಬೇಕು ಅಷ್ಟೇ ಎನ್ನುವುದಾದರೆ ಮರುತಯಾರಿಕೆಯನ್ನು ಕೊಳ್ಳುವುದೇ ಲೇಸು. ನಮ್ಮ ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಸಂಸ್ಥೆ ಈ ಮಾಲಿಕೆಯನ್ನು ಕೈಕೆಲಸದಿಂದ ಮತ್ತೆ ತಯಾರಿಸುತ್ತದೆ. ಇಟಲಿಯ ಕಸೀನಾ 2019ರಲ್ಲಿ ಜಾನರೆಗೆ ಗೌರವಾರ್ಥ ಎಂದು ತನ್ನದೇ ಆವೃತ್ತಿ ತಂದಿತು. ಎರಡೂ ಅಗ್ಗವಲ್ಲ, ಆದರೆ ಹೊಸದನ್ನು ಹೊಸದೆಂದೇ ಹೇಳಿ ಮಾರುತ್ತವೆ. ಒಳ್ಳೆಯ ಬಡಗಿ ಗೊತ್ತಿದ್ದರೆ ಅವರಿಂದ ಮಾಡಿಸಿಕೊಳ್ಳುವವರೂ ಇದ್ದಾರೆ. ಮೂಲ ಕುರ್ಚಿಗಳು ಹುಟ್ಟಿದ್ದೂ ಹಾಗೆಯೇ ಅಲ್ಲವೇ.

ಅಸಲಿಯೇ ಬೇಕೆನ್ನುವವರು ಕೊಳ್ಳುವ ಮುಂಚೆ ಒಂದು ಸಲ ಚಂಡೀಗಢಕ್ಕೆ ಹೋಗಿಬನ್ನಿ. ಸೆಕ್ಟರ್ 5ರ 57ನೇ ನಂಬರಿನ ಮನೆ, ಜಾನರೆ ಇದ್ದದ್ದು, ಈಗ ವಸ್ತುಸಂಗ್ರಹಾಲಯ. ಅರ್ಧ ದಿನ ಅಲ್ಲಿ ಕಳೆದರೆ ಕಣ್ಣಿಗೆ ಬರುವ ಪಳಗು ಹತ್ತು ಕ್ಯಾಟಲಾಗ್ ತಿರುವಿದರೂ ಬಾರದು.

ಹಂತ 5: ಸ್ವಚ್ಛ ಮಾಡುವುದು, ಅಂದರೆ ಆದಷ್ಟು ಕಡಿಮೆ ಮಾಡುವುದು

ಮೊದಲ ಆಸೆ ಉಪ್ಪುಕಾಗದ ಹಿಡಿದು ಉಜ್ಜಿ ಹೊಸದರಂತೆ ಹೊಳೆಸುವುದು. ಆ ಆಸೆಗೆ ಬೀಗ ಹಾಕಿ. ಗುಮಾಸ್ತರ ಅಂಗೈ ಮೂವತ್ತು ವರ್ಷದಲ್ಲಿ ಮಾಡಿದ ನುಣುಪನ್ನು ಉಪ್ಪುಕಾಗದ ಹತ್ತು ನಿಮಿಷದಲ್ಲಿ ತೆಗೆಯುತ್ತದೆ, ಮತ್ತೆ ಬರುವುದಿಲ್ಲ. ಬ್ರಷ್‌ನಿಂದ ಧೂಳು ತೆಗೆಯಿರಿ. ಬೆಚ್ಚನೆ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಬಟ್ಟೆ ಅದ್ದಿ, ಹಿಂಡಿ, ಕಾಣದ ಕಡೆ ಮೊದಲು ಒರೆಸಿ ನೋಡಿ. ಬಣ್ಣದ ಗುರುತಿನ ಹತ್ತಿರ ಒದ್ದೆ ಬಟ್ಟೆಯೇ ಬೇಡ. ಒಣಗಿದ ಮೇಲೆ ಜೇನುಮೇಣದ ಪಾಲಿಶ್ ತೆಳ್ಳಗೆ ಹಚ್ಚಿ ಒರೆಸಿದರೆ ಸಾಕು. ತೀರಾ ಒಣಗಿ ಬಿಳಿಚಿದ್ದರೆ ಅಗಸೆ ಎಣ್ಣೆಯ ಒಂದು ಕೈ. ಆದರೆ ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಹೊಳೆಯುವ ಮೆಲಮೈನ್ ಪಾಲಿಶ್ ಕೊಡಿಸಿದರೆ ಕುರ್ಚಿ ಮದುವೆ ಛತ್ರದ್ದಾಗುತ್ತದೆ, ಅಷ್ಟೇ ಹೇಳುತ್ತೇನೆ.

ತಿಗಣೆ! ಬೆತ್ತದ ಕುರ್ಚಿ ಎಂದರೆ ನಮ್ಮ ಹಿರಿಯರಿಗೆ ಮೊದಲು ನೆನಪಾಗುತ್ತಿದ್ದದ್ದು ಅದೇ. ಬಿಸಿಲಿಗೆ ಹಾಕಿ ಕುದಿಯುವ ನೀರು ಸುರಿಯುತ್ತಿದ್ದರು. ಸರೇಸು ಬಿಸಿಗೂ ನೀರಿಗೂ ಕರಗುತ್ತದೆ, ಆ ಮದ್ದು ಇಲ್ಲಿ ಬೇಡ. ಬೆತ್ತ ಹೇಗೂ ಬದಲಿಸುವುದಾದರೆ ಹಳೆಯದನ್ನು ಕತ್ತರಿಸಿ ತೆಗೆದು, ತೂತುಗಳನ್ನು ಸ್ವಚ್ಛ ಮಾಡಿದರೆ ಅವುಗಳ ಸಂಸಾರವೂ ಹೋಗುತ್ತದೆ.

ಹಂತ 6: ಸಡಿಲ ಕೀಲು

ನೆಲದ ಮೇಲಿಟ್ಟು ತೋಳು ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಸಾಮಾನ್ಯವಾಗಿ ಸಡಿಲವಾಗುವುದು ತೋಳು ಮತ್ತು ಕಾಲು ಸೇರುವ ಜಾಗ. ಒಂದರ ತುದಿ ನಾಲಿಗೆಯಂತೆ ಇನ್ನೊಂದರ ಬಾಯೊಳಗೆ ಕೂರುವ ಜೋಡಣೆ ಅದು. ಮೊಳೆ ಹೊಡೆಯಬೇಡಿ. ಸುತ್ತಿಗೆಯಿಂದ ನೇರ ಬಡಿಯಬೇಡಿ. ಮರದ ಕೊಡತಿ, ನಡುವೆ ಬಟ್ಟೆ. ಬಿಚ್ಚಿದ ತುಂಡಿಗೆಲ್ಲ ಕಾಗದದ ಪಟ್ಟಿ ಅಂಟಿಸಿ ಎಡ, ಬಲ, ಮುಂದು, ಹಿಂದು ಬರೆಯಿರಿ. ಕೈಕೆಲಸದ ಕುರ್ಚಿಯಲ್ಲಿ ಎಡದ ಕಾಲು ಬಲಕ್ಕೆ ಕೂರುವುದಿಲ್ಲ.

ಹಳೇ ಸರೇಸನ್ನು ಬಿಸಿನೀರಿನ ಬಟ್ಟೆ ಸುತ್ತಿ ಮೆತ್ತಗೆ ಮಾಡಿ ಕೆರೆದು ತೆಗೆಯಿರಿ. ತೇಗದ ಸಹಜ ಎಣ್ಣೆ ಹೊಸ ಅಂಟನ್ನು ಹಿಡಿಯಗೊಡುವುದಿಲ್ಲ. ಆದ್ದರಿಂದ ಅಂಟು ಹಾಕುವುದಕ್ಕೆ ತುಸು ಮುಂಚೆ ಆ ಜಾಗವನ್ನು ಥಿನ್ನರ್ ಅಥವಾ ಅಸಿಟೋನಿನಿಂದ ಒರೆಸಿ. ಅಂಟು ಸರೇಸೇ ಆದರೆ ಉತ್ತಮ, ಮುಂದಿನವರು ಮತ್ತೆ ಬಿಚ್ಚಬಹುದು. ಸಿಗದಿದ್ದರೆ ಮರದ ಬಿಳಿ ಅಂಟು. ಎಪಾಕ್ಸಿ ಮಾತ್ರ ಬೇಡ. ಕ್ಲ್ಯಾಂಪ್ ಹಾಕುವಾಗ ಅತಿ ಬಿಗಿ ಬೇಡ, ನಾಲ್ಕೂ ಕಾಲು ನೆಲ ಮುಟ್ಟಿವೆಯೇ ನೋಡಿಕೊಂಡು ಒಂದು ದಿನ ಬಿಡಿ.

ಹಂತ 7: ಬೆತ್ತ ಹೆಣೆಯುವುದು

ಇದೇ ದೊಡ್ಡ ಕೆಲಸ. ಹೆಣಿಗೆಯನ್ನು ನಾನು ಕಲಿತದ್ದು ಕಣ್ಣು ಕಾಣದ ಒಬ್ಬ ಹಿರಿಯರಿಂದ. ಸರ್ಕಾರಿ ಕಚೇರಿಗಳ ಕುರ್ಚಿಗೆ ಬೆತ್ತ ಹೆಣೆಯುವ ಕೆಲಸಕ್ಕೆ ದೃಷ್ಟಿ ಇಲ್ಲದವರನ್ನು ತೆಗೆದುಕೊಳ್ಳುವ ರೂಢಿ ನಮ್ಮಲ್ಲಿತ್ತು. ಇವರು ನಿವೃತ್ತರಾಗಿ ವರ್ಷಗಳಾಗಿದ್ದವು. ನಾನು ಚೌಕಟ್ಟಿಗೆ ಬಗ್ಗಿ ಬಗ್ಗಿ ನೋಡುತ್ತಿದ್ದುದು ಉಸಿರಿನಲ್ಲೇ ಗೊತ್ತಾಗಿ, 'ಯಾಕೆ ನೋಡ್ತೀರಿ ಸಾರ್, ಎಣಿಸಿ' ಎಂದರು. ಹೆಣಿಗೆಯ ಗುಟ್ಟೆಲ್ಲ ಆ ಮಾತಿನಲ್ಲಿದೆ.

ಹಳೇ ಬೆತ್ತ ಕತ್ತರಿಸುವ ಮುಂಚೆ ನಾಲ್ಕೂ ಬದಿಯ ತೂತು ಎಣಿಸಿ ಬರೆದುಕೊಳ್ಳಿ, ಫೋಟೋ ತೆಗೆಯಿರಿ. ಒಂದು ತೂತಿನಿಂದ ಇನ್ನೊಂದಕ್ಕೆ ಎಷ್ಟು ದೂರ ಎನ್ನುವುದರ ಮೇಲೆ ಬೆತ್ತದ ಅಗಲ ನಿಲ್ಲುತ್ತದೆ: ಅರ್ಧ ಇಂಚಿದ್ದರೆ 2.25 ಮಿಲಿಮೀಟರ್, ಮುಕ್ಕಾಲು ಇಂಚಿದ್ದರೆ 3 ಮಿಲಿಮೀಟರ್. ಒಂದು ಆಸನಕ್ಕೆ 75ರಿಂದ 100 ಮೀಟರ್ ಎಳೆ ಬೇಕು. ಪ್ಲಾಸ್ಟಿಕ್ ಬೆತ್ತ ತಗಲಿಸಲು ನೋಡುತ್ತಾರೆ. ಒಂದು ತುಂಡು ಸುಟ್ಟುನೋಡಿ. ಕರಗಿ ಗುಂಡಾದರೆ ಪ್ಲಾಸ್ಟಿಕ್. ನಿಜವಾದ ಬೆತ್ತದಲ್ಲಿ ಅಲ್ಲಲ್ಲಿ ಗಿಣ್ಣಿನ ಗುರುತು ಇರುತ್ತದೆ.

ಎಳೆಯನ್ನು ಬೆಚ್ಚನೆ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ. ನಾನು ಮೊದಲ ಸಲ ಐದು ನಿಮಿಷಕ್ಕೇ ಅವಸರ ಮಾಡಿ ಮೂರು ಎಳೆ ಮುರಿದೆ. ರಾತ್ರಿಯಿಡೀ ನೆನೆಸಿದರೂ ತಪ್ಪು, ಕಪ್ಪಾಗುತ್ತದೆ. ಹೊಳೆಯುವ ಮುಖ ಸದಾ ಮೇಲೆ. ತೂತಿನಲ್ಲಿ ಎಳೆ ಜಾರದಂತೆ ಹಿಡಿಯಲು ಬಿದಿರಿನ ಚೂಪು ಕಡ್ಡಿಗಳು ಹತ್ತಾದರೂ ಇರಲಿ.

ಹೆಣಿಗೆಗೆ ಏಳು ಸುತ್ತು. ಮೊದಲ ಸುತ್ತು ಹಿಂದಿನಿಂದ ಮುಂದಕ್ಕೆ, ನಟ್ಟನಡುವಿನ ತೂತಿನಿಂದ ಶುರು ಮಾಡಿ ಎರಡೂ ಬದಿಗೆ. ಎರಡನೆಯದು ಅಡ್ಡಕ್ಕೆ, ಮೊದಲನೆಯದರ ಮೇಲೆ ಸುಮ್ಮನೆ ಹಾಯಿಸುವುದು. ಮೂರನೆಯದು ಮತ್ತೆ ಹಿಂದಿನಿಂದ ಮುಂದಕ್ಕೆ, ಅದೇ ತೂತುಗಳಲ್ಲಿ, ಮೊದಲ ಎಳೆಯ ಬಲಪಕ್ಕಕ್ಕೆ ಸರಿಸಿ. ಇಲ್ಲಿಯವರೆಗೆ ಹೆಣಿಗೆಯೇ ಇಲ್ಲ, ಬರೀ ಹಾಸು. ನಾಲ್ಕನೆಯದರಲ್ಲಿ ಹೆಣಿಗೆ ಶುರು: ಅಡ್ಡಕ್ಕೆ ಹೋಗುತ್ತಾ ಮೂರನೇ ಸುತ್ತಿನ ಎಳೆಯ ಮೇಲೆ, ಮೊದಲ ಸುತ್ತಿನ ಎಳೆಯ ಕೆಳಗೆ. ಮುಗಿದ ಮೇಲೆ ಎರಡೆರಡು ಎಳೆ ಜೋಡಿಯಾಗಿ ಕೂರುವಂತೆ ಕಡ್ಡಿಯಿಂದ ಒತ್ತಿ, ನಡುವೆ ಚೌಕದ ಕಿಂಡಿಗಳು ಬಿಡಬೇಕು. ಐದು ಮತ್ತು ಆರನೆಯವು ಓರೆ ಸುತ್ತು, ಒಂದು ಈ ಮೂಲೆಯಿಂದ, ಇನ್ನೊಂದು ಆ ಮೂಲೆಯಿಂದ. ಒಂದು ಓರೆ ನಿಂತ ಜೋಡಿಯ ಮೇಲೆ ಹೋಗಿ ಅಡ್ಡ ಜೋಡಿಯ ಕೆಳಗೆ ಬಂದರೆ, ಇನ್ನೊಂದು ಅದರ ತಿರುಗುಮುರುಗು. ಮೂಲೆಯ ತೂತಿನಲ್ಲಿ ಎರಡೆರಡು ಓರೆ ಎಳೆ ಸೇರುತ್ತವೆ, ಗಾಬರಿ ಬೇಡ. ಏಳನೆಯದು ಅಂಚುಪಟ್ಟಿ: ತೂತುಗಳನ್ನು ಮುಚ್ಚುವ ತುಸು ಅಗಲದ ಬೆತ್ತವನ್ನು ಸುತ್ತಲೂ ಇಟ್ಟು, ತೆಳು ಎಳೆಯಿಂದ ಕೆಳಗಿನಿಂದ ಮೇಲೆ ಬಂದು ಕಟ್ಟುತ್ತಾ ಹೋಗುವುದು.

ಓರೆ ಸುತ್ತಿನಲ್ಲಿ ಮೇಲೆ ಕೆಳಗೆ ಅದಲುಬದಲಾಗಿದೆಯೇ ಎಂದು ತಿಳಿಯುವುದು ಹೇಗೆ? ಎಳೆಯನ್ನು ಮೆಲ್ಲಗೆ ಎಳೆಯಿರಿ. ಸರಿಯಾಗಿದ್ದರೆ ಸಂದಿಯ ಮೂಲೆಗೆ ಜಾರಿ ಕೂರುತ್ತದೆ. ತಪ್ಪಿದ್ದರೆ ಪಕ್ಕದ ಎಳೆಯನ್ನು ಕಚ್ಚಿ ಉಜ್ಜುತ್ತದೆ. ನನ್ನ ಗುರುಗಳಿಗೆ ಇದು ಬೆರಳಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು: 'ಕರ್ ಅಂತು, ಬಿಚ್ಚಿ.' ಆರು ಸುತ್ತು ಸರಿಬಂದರೆ ಚೌಕದ ಕಿಂಡಿಗಳು ಎಂಟು ಮೂಲೆಯವಾಗಿರುತ್ತವೆ.

ಮೊದಲ ಎರಡು ಸುತ್ತು ಹಗ್ಗದ ಮಂಚದ ಹಾಗೆ ಬಿಗಿಯಬೇಡಿ, ಒತ್ತಿದರೆ ಸ್ವಲ್ಪ ಬಗ್ಗಲಿ. ಮುಂದಿನ ಸುತ್ತುಗಳು ಬಿಗಿ ತುಂಬುತ್ತವೆ, ಒಣಗಿದಾಗ ಬೆತ್ತವೂ ಕುಗ್ಗುತ್ತದೆ. ಎಳೆಯ ಕೊನೆಗಳನ್ನು ಅಡಿಯಲ್ಲಿ ಪಕ್ಕದ ಕೊಂಡಿಗೆ ಎರಡು ಸುತ್ತು ಸುತ್ತಿ ಕತ್ತರಿಸಿ. ಎದ್ದ ನಾರಿಗೆ ದೀಪದ ಉರಿ ಮಿಂಚಿನಂತೆ ತೋರಿಸಿ ತೆಗೆದರೆ ಸಾಕು. ಹೊಸಬರಿಗೆ ಒಂದು ಆಸನಕ್ಕೆ ಹದಿನೈದು ಗಂಟೆ ಹಿಡಿಯುತ್ತದೆ, ಒಂದೇ ದಿನಕ್ಕೆ ಮುಗಿಸಲು ಹೋಗಬೇಡಿ. ಬೆರಳಿನ ತುದಿ ಸೀಳುತ್ತದೆ.

ಆಸನ ಹರಿದು ಬೆನ್ನಿನ ಹಳೇ ಬೆತ್ತ ಗಟ್ಟಿಯಾಗಿದ್ದರೆ ಅದನ್ನು ಮುಟ್ಟಬೇಡಿ. ಬಣ್ಣ ಹೊಂದುವುದಿಲ್ಲ ಎಂದು ಎರಡನ್ನೂ ಬದಲಿಸುವವರಿದ್ದಾರೆ. ಎರಡು ಮೂರು ವರ್ಷ ಬೆಳಕು ಬಿದ್ದರೆ ಹೊಸದು ತಾನಾಗಿ ಕಂದುತ್ತದೆ. ಚಹದ ನೀರು ಬಳಿದು ಬಣ್ಣ ತರಿಸುವ ಉಪಾಯವನ್ನೂ ನೋಡಿದ್ದೇನೆ, ನನಗೆ ಅದು ತಲೆಗೆ ಬಣ್ಣ ಹಾಕಿದಂತೆ ಕಾಣುತ್ತದೆ.

ಹಂತ 8: ದಿನನಿತ್ಯ

ಬೆತ್ತಕ್ಕೆ ತೇವ ಬೇಕು, ಹೆಚ್ಚಾಗಬಾರದು. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಆಸನದ ಅಡಿಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹೊಳೆಯುವ ಮುಖ ನೀರು ಕುಡಿಯುವುದಿಲ್ಲ, ಅಡಿ ಕುಡಿಯುತ್ತದೆ. ಜೋತುಬಿದ್ದ ಬೆತ್ತವೂ ಹೀಗೆ ನೆನೆಸಿ ಒಂದು ರಾತ್ರಿ ಬಿಟ್ಟರೆ ತುಸು ಬಿಗಿಯಾಗುತ್ತದೆ. ಮಂಗಳೂರು, ಮಲೆನಾಡಿನ ಮಳೆಗಾಲದಲ್ಲಿ ಸಮಸ್ಯೆ ಉಲ್ಟಾ: ಬೂಷ್ಟು. ವಿನಿಗರ್ ಬೆರೆಸಿದ ನೀರಲ್ಲಿ ಬಟ್ಟೆ ಹಿಂಡಿ ಒರೆಸಿ, ನೆರಳಲ್ಲಿ ಗಾಳಿಗೆ ಬಿಡಿ. ಫ್ಯಾನ್ ಒರೆಸಲು ಇದರ ಮೇಲೆ ಹತ್ತಬಾರದು ಎಂದು ಮನೆಯವರಿಗೆಲ್ಲ ಹೇಳಿಡಿ. ಮಂಡಿಯೂರಿದರೂ ಬೆತ್ತ ಸೀಳುತ್ತದೆ.

ಹಂತ 9: ಚೀಟಿ

ಇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಒಂದು ಚೀಟಿಯಲ್ಲಿ ನೀವು ಬದಲಿಸಿದ್ದೆಲ್ಲ ಬರೆಯಿರಿ: ಯಾವ ಕೀಲು ಬಿಚ್ಚಿದ್ದು, ಯಾವ ಅಂಟು, ಯಾವ ಅಳತೆಯ ಬೆತ್ತ, ಹೆಣೆದವರ ಹೆಸರು, ತಾರೀಖು. ಹರಾಜಿನ ರಸೀದಿಯ ನಕಲಿನ ಜೊತೆ ಅದನ್ನು ಒಂದು ಬಟ್ಟೆಯ ಲಕೋಟೆಯಲ್ಲಿ ಹಾಕಿ, ಆಸನದ ಚೌಕಟ್ಟಿನ ಒಳಬದಿಗೆ ದಾರದಿಂದ ಕಟ್ಟಿ. ಮೊಳೆ ಬೇಡ. ನನ್ನ ಕುರ್ಚಿಯ ಚೀಟಿಯ ಮೊದಲ ಸಾಲು: 'ಬೆನ್ನು ಹಳೆಯದು. ನಾಲ್ಕೂ ಕಾಲು ಹೊಸವು, ಮಾಡಿದವರು ಗೊತ್ತಿಲ್ಲ.' ಎರಡನೇ ಸಾಲಿನಲ್ಲಿ ಹೆಣಿಗೆ ಕಲಿಸಿದವರ ಹೆಸರಿದೆ. ಅದನ್ನು ನಾನು ಬರೆದೆ. ಕೆಳಗೆ ಅವರು ಹೆಬ್ಬೆಟ್ಟು ಒತ್ತಿದ್ದಾರೆ.